ಫ್ಯಾಮಿಲಿ ಟ್ರೀ ಕ್ಲಿಯರ್ ಐತೆ, ಸಾ!

ಆನೇಕಲ್ಲಿನ ಯಾವುದಾದರೂ ಹೋಟೆಲಿನಲ್ಲಿ ಕೂತು ‘ಫ್ಯಾಮಿಲಿ ಟ್ರೀ’ ಅಂತ ಸ್ವಲ್ಪ ಜೋರಾಗಿ ಅಂದು ನೋಡಿ. ಪಕ್ಕದ ಟೇಬಲ್ಲಿನವರು ಕಾಫಿ ಲೋಟ ಕೆಳಗಿಟ್ಟು ಕೇಳುವ ಮೊದಲ ಪ್ರಶ್ನೆ, ‘ಯಾವ ಸರ್ವೆ ನಂಬರು?’ ಎರಡನೆಯದು, ‘ಎಷ್ಟು ಗುಂಟೆ?’ ಕುಲ, ಮನೆದೇವರು, ಮೂಲ ಊರು ಇವೆಲ್ಲ ಆಮೇಲೆ, ಪುರುಸೊತ್ತಿದ್ದರೆ.

ಇಂಥ ಊರಿನಲ್ಲಿ ಹುಟ್ಟಿ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವ ನಮ್ಮ ಪಕ್ಕದ ಮನೆ ಹುಡುಗನಿಗೆ, ಪಾಪ, ಜಮೀನು ಬಿಟ್ಟು ಬರೀ ವಂಶದ ಮೇಲೆ ಆಸಕ್ತಿ ಹುಟ್ಟಿತು. ಮನೆಯವರು ಗಾಬರಿಯಾದರು. ಅವನು ಡಾಲರ್ ಲೆಕ್ಕದಲ್ಲಿ ಚಂದಾ ಕಟ್ಟಿ ಒಂದು ತಂತ್ರಾಂಶ ಹಾಕಿಕೊಂಡ. ತಾತನ ಹೆಸರು, ಹುಟ್ಟಿದ ವರ್ಷ, ಊರು ತುಂಬಿಸಿ ನೀವು ಮಲಗಿದರೆ ಸಾಕು. ಅದು ರಾತ್ರಿಯೆಲ್ಲ ಲೋಕದ ದಾಖಲೆಗಳನ್ನು ತಡಕಾಡಿ, ಬೆಳಿಗ್ಗೆ ‘ಇವರು ನಿಮ್ಮವರೇ ಇರಬಹುದು, ನೋಡಿ’ ಎಂದು ಸುಳಿವು ಕೊಡುತ್ತದೆ. ಆನ್‌ಸೆಸ್ಟ್ರಿ ಎಂಬ ಅಮೆರಿಕದ ಕಂಪನಿ ಇಂಥ ಸುಳಿವಿಗೆ ಹಸಿರೆಲೆಯ ಗುರುತು ಇಟ್ಟಿದೆ. ಎಲೆ ಕಂಡರೆ ಪೂರ್ವಜರು ಬಂದರು ಎಂದರ್ಥ. ನಮ್ಮಲ್ಲೂ ಎಲೆ ಹಾಕಿದ ಕೂಡಲೇ ನೆಂಟರು ಬರುತ್ತಾರೆ, ಅದಕ್ಕೆ ಚಂದಾ ಬೇಕಿಲ್ಲ.

ಅಮೆರಿಕದವರಿಗೆ ಇದೆಲ್ಲ ನಡೆಯುತ್ತೆ ಬಿಡಿ. ಅವರ 1950ರ ಜನಗಣತಿಯ ಮನೆಮನೆ ಪಟ್ಟಿ 72 ವರ್ಷ ಬೀಗದೊಳಗಿದ್ದು 2022ರ ಏಪ್ರಿಲ್ 1ಕ್ಕೆ ಹೊರಬಿತ್ತು. ಸಾಲ್ಟ್ ಲೇಕ್ ಸಿಟಿ ಹತ್ತಿರ ಮಾರ್ಮನ್ ಚರ್ಚಿನವರು ಬೆಟ್ಟವನ್ನೇ ಕೊರೆದು ವಂಶಾವಳಿಯ ಮೈಕ್ರೋಫಿಲ್ಮ್ ಸುರುಳಿಗಳನ್ನು ಜೋಪಾನ ಮಾಡಿದ್ದಾರೆ. ನಮ್ಮ 1948ರ ಜನಗಣತಿ ಕಾಯ್ದೆಯಾದರೋ ಮನೆಪಟ್ಟಿಯನ್ನು ಯಾರ ಕಣ್ಣಿಗೂ ಬೀಳಿಸುವುದಿಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮುಂಚಿನವರ ಹುಟ್ಟಿದ ತಾರೀಕನ್ನು ಬ್ರಹ್ಮ ಬರೆಯಲಿಲ್ಲ, ಹೆಡ್‌ಮೇಷ್ಟ್ರು ಬರೆದರು: ಜೂನ್ 1. ಹುಡುಗ ತನ್ನ ಮೂವರು ಸೋದರಮಾವಂದಿರನ್ನು ತುಂಬಿಸಿದ್ದೇ ತಡ, ಮೂವರ ಹುಟ್ಟುಹಬ್ಬವೂ ಒಂದೇ ದಿನ ಇರುವುದನ್ನು ಕಂಡ ತಂತ್ರಾಂಶ ‘ಇವರೆಲ್ಲ ಒಬ್ಬರೇ ಇರಬಹುದೇ? ಒಟ್ಟು ಸೇರಿಸಲೇ?’ ಎಂದು ಕೇಳಿತು. ಆ ಮೂವರನ್ನು ಒಟ್ಟು ಸೇರಿಸಲು ಊರಿನ ಪಂಚಾಯ್ತಿಯಿಂದಲೇ ಆಗಿರಲಿಲ್ಲ.

ಅಜ್ಜಿಯ ಸರದಿ ಬಂದಾಗ ಕೆಂಪು ಎಚ್ಚರಿಕೆ ಮೂಡಿತು. ಈಕೆಯ ತಾಯಿಯ ತಮ್ಮನೇ ಈಕೆಯ ಗಂಡನೂ ಆಗಿದ್ದಾನೆ, ಎಲ್ಲೋ ತಪ್ಪಾಗಿದೆ, ಸರಿಪಡಿಸಿ! ತಪ್ಪೇನೂ ಆಗಿಲ್ಲ ಮಾರಾಯ, ಹಸೆಮಣೆ ಮೇಲೆ ಕೂರಿಸಿ ಊರಿಗೆಲ್ಲ ಊಟ ಹಾಕಿಸಿಯೇ ಮಾಡಿದ್ದು ಎಂದು ಯಂತ್ರಕ್ಕೆ ತಿಳಿಸಿ ಹೇಳಲು ಯಾವ ಗುಂಡಿ ಒತ್ತಬೇಕೋ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಮುತ್ತಾತ. ಆನೇಕಲ್ ಕಡೆ ಕಲ್ಲು ಬೀಸಿದರೆ ಒಬ್ಬ ಮುನಿಯಪ್ಪನಿಗೆ ತಾಗುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಪಹಣಿಯಲ್ಲಿ ಮುನಿಯಪ್ಪ ಬಿನ್ ಮುನಿಸ್ವಾಮಪ್ಪ, ಮುನಿಸ್ವಾಮಪ್ಪ ಬಿನ್ ಮುನಿಯಪ್ಪ ಎಂದು ತಲೆಮಾರುಗಳು ಉಯ್ಯಾಲೆಯಾಡುತ್ತಿರುತ್ತವೆ. ಅಡ್ಡಹೆಸರಿಲ್ಲ, ತಾರೀಕಿಲ್ಲ. ಯಂತ್ರ ಮಾಡುವುದಾದರೂ ಏನು? ಅದು ಹೆಸರಿಗೆ ಹೆಸರು, ವರ್ಷಕ್ಕೆ ಸುಮಾರು ವರ್ಷ ಹೊಂದಿಸಿ ನೋಡುತ್ತದೆ. 1860ರ ನವೆಂಬರಿನಲ್ಲಿ ಟ್ರೂರೋ ಎಂಬ ಹಡಗು ಮದರಾಸಿನಿಂದ ಕಬ್ಬಿನ ಗದ್ದೆಗೆ ಕೂಲಿಗಳನ್ನು ತುಂಬಿಕೊಂಡು ಡರ್ಬನ್ ಮುಟ್ಟಿತ್ತು. 1911ರವರೆಗೂ ಹಾಗೆ ಹೋದವರ ಹಡಗುಪಟ್ಟಿಗಳು ಉಳಿದಿವೆ. ಮನೆ ಬಿಟ್ಟು ಹೋದ ಆ ಬಡಪಾಯಿಗಳಲ್ಲಿ ಒಬ್ಬ ಮುನಿಯಪ್ಪನ ಹೆಸರಿನ ಮೇಲೆ ಸುಳಿವು ಬಂದು ಕೂತಿತು.

‘ಅಂಕಲ್, ನಮ್ ಮುತ್ತಾತ ಡರ್ಬನ್‌ಗೆ ಹೋಗಿದ್ರಂತೆ!’

‘ಅವ್ರು ಅತ್ತಿಬೆಲೆ ದಾಟಿದ್ದಕ್ಕೇ ಸಾಕ್ಷಿ ಇಲ್ವಲ್ಲೋ.’

ಅವನು ‘ಹೌದು’ ಒತ್ತಿದ. ಒತ್ತದೆ ಇರಲು ಯಾರಿಗೆ ಮನಸ್ಸಾಗುತ್ತೆ? ರಾಗಿ ಹೊಲದ ಮುತ್ತಾತನಿಗಿಂತ ಸಮುದ್ರ ದಾಟಿದ ಮುತ್ತಾತ ಆಫೀಸಿನ ಕ್ಯಾಂಟೀನಿನಲ್ಲಿ ಹೆಚ್ಚು ಚಲಾವಣೆಯಾಗುತ್ತಾನೆ. ಕೆಲವು ದಿನ ಕಳೆದ ಮೇಲೆ ಯಾರೋ ಅಪರಿಚಿತರು ಇವನ ಮರದಿಂದ ಆ ಮುನಿಯಪ್ಪನನ್ನು ತಮ್ಮ ಮರಕ್ಕೆ ಇಳಿಸಿಕೊಂಡರು. ತಂತ್ರಾಂಶ ಅದನ್ನೇ ತಂದು ಇವನಿಗೆ ತೋರಿಸಿತು: ‘ಇನ್ನೊಂದು ಕುಟುಂಬದ ಮರವೂ ಇದನ್ನೇ ಹೇಳುತ್ತಿದೆ.’ ತಾನು ಹಬ್ಬಿಸಿದ ಸುದ್ದಿ ಊರು ಸುತ್ತಿ ವಾಪಸು ಬಂದಾಗ ಅದನ್ನೇ ಸಾಕ್ಷಿ ಅಂತ ನಂಬುವವರು ನಮ್ಮ ಅರಳಿಕಟ್ಟೆಯಲ್ಲೂ ಇದ್ದರು, ಆದರೆ ಅವರು ಡಾಲರ್ ಕೇಳುತ್ತಿರಲಿಲ್ಲ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆತನದ ತಲೆಮಾರುಗಳನ್ನು ಒಪ್ಪಿಸಿ ದವಸ ಇಸಿದುಕೊಂಡು ಹೋಗುತ್ತಾರೆ. ಅವರದೂ ಒಂದು ಬಗೆಯ ಚಂದಾವೇ. ಆದರೆ ಹೆಳವ ತಪ್ಪು ಹೇಳಿದರೆ ಜಗುಲಿಯ ಮೇಲಿನ ಮುದುಕಿ ಅಲ್ಲೇ ತಿದ್ದುತ್ತಾಳೆ.

ಹಾಗಂತ ಹುಡುಗನನ್ನು ನೋಡಿ ನಗುವ ಯೋಗ್ಯತೆ ಆನೇಕಲ್ ತಾಲ್ಲೂಕಿಗಿಲ್ಲ. ನಮ್ಮ ಸುಳಿವಿನ ಯಂತ್ರ ಇನ್ನೂ ಚುರುಕು. ಕೆಐಎಡಿಬಿಯವರ ಭೂಸ್ವಾಧೀನದ ನೋಟಿಸು, ಜನರ ಬಾಯಲ್ಲಿ ‘ಇಪ್ಪತ್ತೆಂಟು ಒಂದು’, ಬಿತ್ತು ಅನ್ನಿ. ಹುಸ್ಕೂರು ಜಾತ್ರೆಯಲ್ಲಿ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತಿದ್ದ ದಾಯಾದಿಗಳು ಸಂಜೆಯೊಳಗೆ ಮನೆ ಬಾಗಿಲಿಗೆ ಬರುತ್ತಾರೆ. ಯಾವ ಹಸಿರೆಲೆಯೂ ಇಷ್ಟು ಬೇಗ ರಕ್ತಸಂಬಂಧ ಪತ್ತೆ ಹಚ್ಚಿಲ್ಲ. ಪಹಣಿಗೆ ಆಧಾರ್ ಜೋಡಿಸಲು ಹೊರಟ ಸರ್ಕಾರಕ್ಕೆ ರಾಜ್ಯದಲ್ಲಿ ಲಕ್ಷಗಟ್ಟಲೆ ಜಮೀನು ಇನ್ನೂ ಸತ್ತವರ ಹೆಸರಲ್ಲೇ ಇರುವುದು ಗೊತ್ತಾಯಿತು. ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ನೋಟರಿ ಅಫಿಡವಿಟ್ಟು, ಅಕ್ಕಪಕ್ಕದವರ ಸಹಿ ಹಾಕಿಸಿದ ಮಹಜರು, ನಾಡಕಚೇರಿಗೆ ಅರ್ಜಿ. ಮರ ಎಷ್ಟು ಕೊಂಬೆಯದು ಎಂದು ಹೇಳುವವನು ಯಾರು? ಹಣ್ಣು ತಿನ್ನಲು ಕೂತವನೇ.

ತಂತ್ರಾಂಶಕ್ಕೂ ನಮಗೂ ಇರುವ ವ್ಯತ್ಯಾಸ ಇಷ್ಟೇ. ಅದು ಸಂಬಂಧವಿಲ್ಲದವರನ್ನು ತಂದು ಕಟ್ಟುತ್ತದೆ, ನಾವು ಹೆತ್ತ ಮಕ್ಕಳನ್ನೇ ಬಿಡಿಸುತ್ತೇವೆ. ಹೆಣ್ಣುಮಕ್ಕಳೆಂಬ ಕೊಂಬೆಗೆ ಮಹಜರಿನ ದಿನವೇ ಮಚ್ಚು. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನನ್ನು ಕರ್ನಾಟಕ 1994ರಲ್ಲೇ ತಂದಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಹೀಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದ ಹಾಗೆಲ್ಲ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹುಟ್ಟುವುದೇ ನಿಂತುಹೋಯಿತು, ಅಫಿಡವಿಟ್ಟಿನ ಮಟ್ಟಿಗೆ. ಹುಟ್ಟಿದ್ದಾರೆ ಎಂದು ಒಪ್ಪಲೇಬೇಕಾಗಿ ಬಂದರೆ ಹಕ್ಕು ಬಿಡುಗಡೆ ಪತ್ರವಿದೆ. ಕೋಟಿ ಬಾಳುವ ಜಾಗಕ್ಕೆ ‘ಅರಿಶಿನ ಕುಂಕುಮದ ಬಾಬ್ತು’ ಎಂದು ಒಂದಿಷ್ಟು, ಜೊತೆಗೆ ಸೀರೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ವಾಪಸು ಬರುವಾಗ ಊಟ. ಆಮೇಲೆ ಸೈಟು ಕೊಳ್ಳಲು ಬಂದವರಿಗೆ ಬ್ರೋಕರು ಎದೆ ತಟ್ಟಿ ಹೇಳುತ್ತಾನೆ: ‘ಫ್ಯಾಮಿಲಿ ಟ್ರೀ ಕ್ಲಿಯರ್ ಐತೆ, ಸಾ!’

ಹುಡುಗನ ತಾಯಿಯ ತವರಿನಲ್ಲೂ ಇಂಥದೇ ಒಂದು ಕ್ಲಿಯರ್ ಮರ ಇತ್ತು. ತಾತನಿಗೆ ಮೂವರು ಗಂಡುಮಕ್ಕಳು, ಅಷ್ಟೇ. ಅದರ ಲೆಕ್ಕದಲ್ಲಿ ಇವನ ತಾಯಿ ಹುಟ್ಟಿಲ್ಲ, ಇವನೂ ಹುಟ್ಟಿಲ್ಲ, ಚಂದಾ ಕಟ್ಟುತ್ತಿರುವವನು ಯಾರೋ ಗೊತ್ತಿಲ್ಲ. ಇದೊಂದೂ ತಿಳಿಯದ ಹುಡುಗ ಅಜ್ಜಿಯ ಪೆಟ್ಟಿಗೆಯ ಫೋಟೋ ನೋಡಿ ತಾಯಿಯನ್ನೂ ಹೊಸೂರಿಗೆ ಕೊಟ್ಟಿದ್ದ ಚಿಕ್ಕಮ್ಮನನ್ನೂ ಹೆಸರು, ಊರು, ಮದುವೆಯ ವರ್ಷದ ಸಮೇತ ಮರಕ್ಕೆ ಏರಿಸಿಬಿಟ್ಟ. ತಂತ್ರಾಂಶ ತನ್ನ ಜೀವಮಾನದಲ್ಲಿ ಒಂದು ಸುಳಿವು ಸರಿಯಾಗಿ ಕೊಟ್ಟಿತು, ಅದೂ ಚಿಕ್ಕಮ್ಮನ ಮಗಳಿಗೆ. ಅವಳೂ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇನ್ನೊಂದು ಗಾಜಿನ ಕಟ್ಟಡದಲ್ಲಿದ್ದಾಳೆ. ‘ಹೌದು’ ಒತ್ತಿದಳು.

ಸೋದರಮಾವಂದಿರ ತುರ್ತು ಸಭೆ ಸೇರಿತು. ಆ ಮರ ಪಬ್ಲಿಕ್ಕೋ ಪ್ರೈವೇಟೋ ಎಂದು ಒಬ್ಬರು, ಡರ್ಬನ್ನಿನವರಿಗೂ ಪಾಲು ಬರುತ್ತಾ ಎಂದು ಇನ್ನೊಬ್ಬರು. ಡರ್ಬನ್ ಮುನಿಯಪ್ಪ ಇದ್ದರೆ ಇರಲಿ, ಹೊಸೂರಿನವಳನ್ನು ತೆಗೆ ಎಂಬಲ್ಲಿಗೆ ಠರಾವಾಯಿತು. ತೆಗೆದರೂ ಪ್ರಯೋಜನವಿಲ್ಲ, ಅವಳ ಮಗಳು ಪ್ರಿಂಟ್ ತೆಗೆದುಕೊಂಡು ವಕೀಲರ ಹತ್ತಿರ ಹೋಗಿದ್ದಾಳಂತೆ ಎಂದು ಹುಡುಗ ತಣ್ಣಗೆ ಹೇಳಿದ. ಮೂರು ವರ್ಷದಿಂದ ಪರಸ್ಪರ ಮಾತಿಲ್ಲದ ಆ ಮೂವರೂ ಈಗ ಒಂದೇ ಕಾರಿನಲ್ಲಿ ಓಡಾಡುತ್ತಿದ್ದಾರೆ, ಅರಿಶಿನ ಕುಂಕುಮದ ರೇಟು ಈಗ ಎಷ್ಟು ನಡೆಯುತ್ತಿದೆ ಎಂದು ವಿಚಾರಿಸಿಕೊಂಡು.