ಮಡಿಯ ಮುಂದೆ ರೂಟ್ ಯಾವ ಲೆಕ್ಕ

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಲ್ಲಿ ಒಂದು ಹಳೇ ಚಾಳಿಯಿದೆ. ಯಾವ ಸೇವೆ ಕೈಕೊಟ್ಟರೂ ‘ಸೆಟ್‌ಎನ್‌ಫೋರ್ಸ್ ಸೊನ್ನೆ’ ಎಂದು ಹೊಡೆಯುವುದು. ಎಸ್‌ಇಲಿನಕ್ಸ್ ಎಂಬ ಕಾವಲು ಆ ಕ್ಷಣದಿಂದ ತಡೆಯುವುದನ್ನು ಬಿಟ್ಟು ಬರೀ ಗೊಣಗತೊಡಗುತ್ತದೆ. ಸೇವೆ ಓಡುತ್ತದೆ, ಎಲ್ಲರೂ ಕಾಫಿಗೆ ಹೋಗುತ್ತಾರೆ.

ರಾಮಕೃಷ್ಣನಗರದ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಆಫೀಸು. ಮೊನ್ನೆ ಸಣ್ಣ ಕಚೇರಿಯೊಂದರ ವೆಬ್ ಸರ್ವರು ರಿಪೇರಿಗೆ ಬಂತು. ಕಡತಗಳಿವೆ, ಓದುವ ಅನುಮತಿಯೂ ಇದೆ, ಆದರೂ ಅಪಾಚೆ 403 ಎಂದು ಬಾಗಿಲು ಹಾಕುತ್ತಿದೆ. ಗೆಳೆಯನಿಗೆ ಫೋನ್ ಮಾಡಿದೆ. “ಏನ್ ಗುರು ನೀನು, ಸೊನ್ನೆ ಹೊಡಿ ಅತ್ಲಾಗೆ” ಅಂದ.

ನಾನು ಹೊಡೆಯಲಿಲ್ಲ. ಕಾರಣ ನಮ್ಮಜ್ಜಿ. ಮನೆ ತಾತನ ಹೆಸರಿನಲ್ಲಿತ್ತು, ಜಾಡಿ ಕೊಂಡದ್ದೂ ಮಾವಿನಕಾಯಿ ಹೊತ್ತು ತಂದದ್ದೂ ತಾತನೇ. ಆದರೆ ಮಡಿ ಉಡದೆ ಉಪ್ಪಿನಕಾಯಿ ಜಾಡಿಯ ಹತ್ತಿರ ಸುಳಿದರೆ, “ಯಜಮಾನಿಕೆ ಹಜಾರದಲ್ಲಿಟ್ಕೊಳ್ಳಿ” ಎಂದು ಅಜ್ಜಿ ಅಲ್ಲೇ ತಡೆಯುತ್ತಿದ್ದಳು. ಎಸ್‌ಇಲಿನಕ್ಸಿನ ಶಾಸ್ತ್ರವೂ ಇಷ್ಟೇ. ಕಡತದ ಒಡೆಯ ಯಾರೆಂಬುದು ಅದಕ್ಕೆ ಬೇಡ. ಪ್ರತಿ ಕಡತಕ್ಕೂ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಲೇಬಲ್. ಯಾವ ಲೇಬಲ್ ಯಾವುದನ್ನು ಮುಟ್ಟಬಹುದೆಂದು ನಿಯಮದಲ್ಲಿ ಬರೆದಿರಬೇಕು. ಬರೆದಿಲ್ಲವೋ, ಯಂತ್ರದ ಯಜಮಾನನಾದ ರೂಟ್ ಹೆಸರಿನಲ್ಲಿ ಓಡುವ ಸೇವೆಗೂ ಪ್ರವೇಶವಿಲ್ಲ.

ಆಡಿಟ್ ಲಾಗ್ ತೆಗೆದರೆ ಜಗಳ ಅಲ್ಲೇ ಇತ್ತು. ಕೇಳಿದ ಅಪಾಚೆಯ ಲೇಬಲ್ ‘ಎಚ್‌ಟಿಟಿಪಿಡಿ_ಟಿ’, ಕೇಳಿದ ಕಡತದ್ದು ‘ಯೂಸರ್_ಹೋಮ್_ಟಿ’. ಕಚೇರಿಯ ಹುಡುಗ ತನ್ನ ಹೋಮ್ ಫೋಲ್ಡರಿನಿಂದ ಕಡತಗಳನ್ನು ‘ಎಂವಿ’ ಆಜ್ಞೆಯಲ್ಲಿ ಸಾಗಿಸಿದ್ದ. ಎಂವಿ ಮಾಡಿದ ಕಡತ ಬೀದಿಯ ಬಟ್ಟೆಯಲ್ಲೇ ಅಡುಗೆಮನೆಗೆ ನುಗ್ಗುತ್ತದೆ, ಹಳೆಯ ಲೇಬಲ್ ಬಿಡುವುದಿಲ್ಲ. ‘ಸಿಪಿ’ ಮಾಡಿದ್ದರೆ ಹೊಸ ಜಾಗದ ಲೇಬಲ್ಲೇ ಹತ್ತುತ್ತಿತ್ತು. ‘ರೆಸ್ಟೋರ್‌ಕಾನ್’ ಓಡಿಸಿ ಎಲ್ಲಕ್ಕೂ ತಲೆಗೆ ನೀರು ಹಾಕಿಸಿದೆ. ಸೈಟು ತೆರೆಯಿತು.

ಸೊನ್ನೆಗಿಂತ ನಯವಾದ ಇನ್ನೊಂದು ಅಪಾಯವಿದೆ, ‘ಆಡಿಟ್‌ಟುಅಲೋ’. ಲಾಗಿನಲ್ಲಿ ತಡೆದದ್ದಕ್ಕೆಲ್ಲ ಅದು ಒಪ್ಪಿಗೆಯ ನಿಯಮ ಬರೆದುಕೊಡುತ್ತದೆ. ಓದದೆ ಹಾಕಿದ್ದರೆ ನನ್ನ ಸೈಟೇನೋ ತೆರೆಯುತ್ತಿತ್ತು. ಜೊತೆಗೆ, ಈ ಕಾವಲಿನ ಮಟ್ಟಿಗೆ, ಆ ಯಂತ್ರದಲ್ಲಿದ್ದ ಎಲ್ಲರ ಹೋಮ್ ಫೋಲ್ಡರಿನ ಕಡತಗಳೂ ಅಪಾಚೆಗೆ ತೆರೆದುಕೊಳ್ಳುತ್ತಿದ್ದವು. ಉಬುಂಟುವಿನ ಆಪ್‌ಆರ್ಮರ್‌ಗೆ ಈ ಲೇಬಲ್ ರಗಳೆಯಿಲ್ಲ, ಅದು ಕಡತದ ಪಾಥ್ ನೋಡಿ ತೀರ್ಮಾನಿಸುತ್ತದೆ. ಆದರೆ ನನ್ನ ಪಾಲಿಗೆ ಬಂದದ್ದು ರೆಡ್ ಹ್ಯಾಟ್.

ಇಷ್ಟು ಕಟ್ಟುನಿಟ್ಟಿನ ಕಾವಲನ್ನು ಬರೆದವರು ಯಾರೆಂದರೆ ಅಮೆರಿಕದ ಎನ್‌ಎಸ್‌ಎ! ಜಗತ್ತಿನ ಫೋನುಗಳಿಗೆಲ್ಲ ಕಿವಿಗೊಡುತ್ತದೆಂದು 2013ರಲ್ಲಿ ಸ್ನೋಡೆನ್ ಬಯಲಿಗೆಳೆದ ಅದೇ ಸಂಸ್ಥೆ, 2000ದಲ್ಲಿ ಇದರ ಸೋರ್ಸ್ ಕೋಡನ್ನು ಊರಿಗೇ ಹಂಚಿತ್ತು. 2003ರಲ್ಲಿ ಅದು ಲಿನಕ್ಸ್ ಕರ್ನಲ್ 2.6ರೊಳಗೆ ಸೇರಿತು. ಕೋಡು ಎಲ್ಲರ ಕಣ್ಣಮುಂದಿರುವುದರಿಂದ ನಂಬಬಹುದು ಎನ್ನುತ್ತಾರೆ. ನಾನೂ ನಂಬಿದ್ದೇನೆ, ಬೇರೆ ದಾರಿಯೂ ಇಲ್ಲ.

ಅಂದಹಾಗೆ, ಆಂಡ್ರಾಯ್ಡಿನಲ್ಲಿ 2014ರ 5.0 ಆವೃತ್ತಿಯಿಂದ ಎಸ್‌ಇಲಿನಕ್ಸ್ ಪೂರ್ತಿ ಜಾರಿಯಲ್ಲಿದೆ. ಆಂದೋಲನ ಸರ್ಕಲ್ಲಿನಲ್ಲಿ ಸೊಪ್ಪು ಮಾರುವಾಕೆಯ ಫೋನಿನಲ್ಲೂ ಇದೆ, ಸೊನ್ನೆ ಹೊಡಿ ಎಂದ ಗೆಳೆಯನ ಜೇಬಿನಲ್ಲೂ ಇದೆ. ಅಂಥ ಗೆಳೆಯರು ನಿಮ್ಮ ಮನೆಗೂ ಬಂದಾರು. ಕಾಫಿ ಕೊಡಿ, ತಪ್ಪಿಲ್ಲ. ರೂಟ್ ಪಾಸ್‌ವರ್ಡ್ ಮಾತ್ರ ಕೊಡಬೇಡಿ.