ಗ್ರೀನ್ ಕಾರ್ಡ್: ಬಳಸುವ ಮುನ್ನ ಪೂರ್ತಿ ಓದಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಿರಿಯರಿಗೂ ಅವರನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಹೊರಟ ಮಕ್ಕಳಿಗೂ ಈ ಕೈಪಿಡಿ. ಮಗನ ಹತ್ತಿರ ಬರೀ ಗ್ರೀನ್ ಕಾರ್ಡ್ ಇದ್ದರೆ ಇಲ್ಲಿಗೇ ಮುಚ್ಚಿಡಿ. ಅಪ್ಪ ಅಮ್ಮನಿಗೆ ಅರ್ಜಿ ಹಾಕಲು ಅವನು ಅಲ್ಲಿನ ಸಿಟಿಜನ್ ಆಗಿರಬೇಕು, 21 ತುಂಬಿರಬೇಕು. ವಯಸ್ಸಿನ ಚಿಂತೆ ಬೇಡ, ಸಿಟಿಜನ್ ಆಗುವಷ್ಟರಲ್ಲಿ ತಲೆ ಹೇಗೂ ನೆರೆತಿರುತ್ತದೆ.

ಪೆಟ್ಟಿಗೆಯಲ್ಲಿ ಏನೇನಿರಬೇಕು: ಐ-130 ಅರ್ಜಿ ಎರಡು. ಅಪ್ಪನಿಗೊಂದು, ಅಮ್ಮನಿಗೊಂದು, ಐವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ರಿಯಾಯಿತಿ ಇಲ್ಲ. ಮಗನ ಆದಾಯದ ಜವಾಬ್ದಾರಿ ಪತ್ರ ಐ-864. ಮದುವೆ ಸರ್ಟಿಫಿಕೇಟ್. ಛತ್ರದಲ್ಲಿ ಧಾರೆ ಎರೆದವರು ಅದನ್ನು ಮಾಡಿಸಿರುವುದಿಲ್ಲ. ಲಗ್ನಪತ್ರಿಕೆ, ಫೋಟೋ, ಸಾಕ್ಷಿಗಳೊಡನೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗ ನಿಲ್ಲಬೇಕು.

ಅಮ್ಮನ ಬರ್ತ್ ಸರ್ಟಿಫಿಕೇಟ್ ಬೇರೆಯೇ ಅಧ್ಯಾಯ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅಮ್ಮ ಅದಕ್ಕೂ ಮೊದಲೇ ಅಜ್ಜಿಯ ಊರಿನಲ್ಲಿ ಹುಟ್ಟಿಬಿಟ್ಟಿದ್ದಾರೆ. ದಾಖಲೆ ಇದ್ದರೂ ಅದರಲ್ಲಿ 'ಹೆಣ್ಣು ಮಗು' ಎಂದಷ್ಟೇ ಇರುವುದುಂಟು. ಆಗ ನಾನ್ ಅವೈಲಬಿಲಿಟಿ ಸರ್ಟಿಫಿಕೇಟ್ ತರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಮ್ಮ ಹುಟ್ಟಿದ್ದನ್ನು ಬಲ್ಲ ಹಿರಿಯರ ಅಫಿಡವಿಟ್. ಎಪ್ಪತ್ತೈದು ದಾಟಿದವರಿಗೆ ಅಂಥ ಹಿರಿಯರನ್ನು ಹುಡುಕಿಕೊಡುವ ಇಲಾಖೆ ಯಾವುದೂ ಇಲ್ಲ. ತವರಿನ ಇನಿಷಿಯಲ್, ಗಂಡನ ಇನಿಷಿಯಲ್, ಪಾಸ್‌ಪೋರ್ಟಿನ ಹೆಸರು ಮೂರೂ ಒಬ್ಬರವೇ ಎಂದು ಸ್ಟಾಂಪ್ ಪೇಪರಿನ ಮೇಲೆ ಇನ್ನೊಂದು ಅಫಿಡವಿಟ್. ಇದನ್ನು ಇಲ್ಲಿನ ವಕೀಲರು, ನೋಟರಿಗಳು ಚೆನ್ನಾಗಿಯೇ ಮಾಡಿಕೊಡುತ್ತಾರೆ.

ಎಚ್ಚರಿಕೆ: ಅಮೆರಿಕದ ವಲಸೆ ಕಾನೂನಿನ ಸಲಹೆ ಕೊಡುವ ಅಧಿಕಾರ ಇರುವುದು ಅಲ್ಲಿನ ವಕೀಲರಿಗೆ, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದವರಿಗೆ. ಕೃಷ್ಣರಾವ್ ಪಾರ್ಕಿನ ಬೆಂಚಿಗೆ ಆ ಮಾನ್ಯತೆ ಇಲ್ಲ. "ಗ್ಯಾರಂಟಿ ಮಾಡಿಸ್ಕೊಡ್ತೀನಿ ರಾಯರೇ" ಎನ್ನುವ ಏಜೆಂಟರಿಗೂ ಇಲ್ಲ. ನಿಮ್ಮ ಪರ ನಿಲ್ಲುವವರು ಜಿ-28 ನಮೂನೆಗೆ ಸಹಿ ಹಾಕಬೇಕು. ಹಾಕದವರಿಗೆ ಕಾಫಿ ಕೊಡಿ, ದುಡ್ಡು ಕೊಡಬೇಡಿ. ಸರಳ ಅರ್ಜಿಯನ್ನು ಮಗನೇ ತುಂಬಬಹುದು. ಹಿಂದೆ ಅಲ್ಲಿ ವೀಸಾ ಅವಧಿ ಮೀರಿ ಉಳಿದಿದ್ದರೆ, ಪೊಲೀಸ್ ಕೇಸಿದ್ದರೆ, ದತ್ತು ವಿಷಯವಿದ್ದರೆ ವಕೀಲರಿಲ್ಲದೆ ಸ್ವಿಚ್ ಒತ್ತಬೇಡಿ.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾಯಿತು ಎಂದು ಹಿಗ್ಗಬೇಡಿ, ವೀಸಾ ಇಂಟರ್‌ವ್ಯೂಗೆ ಮುಂಬೈಗೇ ಹೋಗಬೇಕಾದೀತು.

"ಅಣ್ಣನಿಗೂ ಒಂದು ಅರ್ಜಿ ಹಾಕಿಬಿಡೋ" ಎಂಬ ಬಟನ್ ಕೂಡ ಇದೆ. ಅಪ್ಪ ಅಮ್ಮನಿಗೆ ವಾರ್ಷಿಕ ಮಿತಿ ಇಲ್ಲ, ಒಡಹುಟ್ಟಿದವರಿಗೆ ಇದೆ. 2025ರಲ್ಲಿ ಭಾರತದವರ ಪೈಕಿ ಸರದಿ ಬಂದದ್ದು 2006ರಲ್ಲಿ ಅರ್ಜಿ ಹಾಕಿದವರಿಗೆ.

ನಿರ್ವಹಣೆ: ಕಾರ್ಡ್ ಬಂದಮೇಲೆ ಅಲ್ಲೇ ವಾಸ ಮಾಡಬೇಕು. ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಕಾರ್ಡಿಗೇ ಕುತ್ತು. ಅಲ್ಲಿ ದುಡಿಯದ ಹಿರಿಯರು ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೊಳ್ಳಲು ಐದು ವರ್ಷ ಅಲ್ಲಿ ಕಳೆದಿರಬೇಕು. ನಾಲ್ಕು ತಿಂಗಳು ನ್ಯೂಜೆರ್ಸಿ, ಉಳಿದದ್ದು ಗಾಂಧಿ ಬಜಾರ್ ಎಂದುಕೊಂಡವರಿಗೆ ಹತ್ತು ವರ್ಷದ ವಿಸಿಟರ್ ವೀಸಾ ಸಾಕು. ಇದನ್ನು ಮೊದಲ ಭೇಟಿಯಲ್ಲೇ ಹೇಳುವ ವಕೀಲರು ಸಿಕ್ಕರೆ ಕೇಳಿದಷ್ಟು ಫೀ ಕೊಡಿ.