ಕಾಕಾನ ಬಂದೂಕಿಗೆ ಕಪ್ ಗೆಲ್ಲಿಸಿದ್ದು

ಮನೆಯ ಹಳೇ ಸಾಮಾನಿಗೆ ಇಲ್ಲದ ಇತಿಹಾಸ ಅಂಟಿಸುವ ಚಟ ನಿಮಗೂ ಇದ್ದೀತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಬೇಕಲ್ಲ. ಇಳಕಲ್ಲಿನ ಕಾಕಾ ತಮ್ಮ ಜೋಡುನಳಿಗೆಯನ್ನು ಒರೆಸಲು ನನ್ನ ಕೈಗೆ ಕೊಟ್ಟರು. ಎಣ್ಣೆ ಅರ್ಧ ನಳಿಗೆಗೆ ಹೋಯಿತು, ಅರ್ಧ ನನ್ನ ಹೊಸ ಧೋತರಕ್ಕೆ. ತುಕ್ಕಿನಡಿಯಿಂದ ಇಂಗ್ಲಿಷ್ ಅಕ್ಷರಗಳು ಎದ್ದವು: ‘ನಾಟ್ ಫಾರ್ ಬಾಲ್’.

ಸಾಕಲ್ಲ! ಹಾರುವ ಗುರಿಗೆ ಹೊಡೆಯುವ ಟ್ರ್ಯಾಪ್ ಶೂಟಿಂಗ್ ಬಗ್ಗೆ ಆಗಷ್ಟೇ ನಾಲ್ಕು ಪುಟ ಓದಿ ಪಂಡಿತನಾಗಿದ್ದೆ. ಇಂಗ್ಲೆಂಡಿನಲ್ಲಿ ಮೊದಮೊದಲು ಪಾರಿವಾಳವನ್ನು ಹಳೇ ಟೋಪಿಯಡಿ ಮುಚ್ಚಿಟ್ಟು, ದಾರ ಎಳೆದು ಹಾರಿಸಿ ಹೊಡೆಯುತ್ತಿದ್ದರಂತೆ. ಆಮೇಲೆ ಅಮೆರಿಕದಲ್ಲಿ ಗಾಜಿನ ಚೆಂಡು ಬಂದವು. 1880ರಲ್ಲಿ ಸಿನ್ಸಿನಾಟಿಯ ಲಿಗೋವ್ಸ್ಕಿ ಮಣ್ಣಿನ ಬಿಲ್ಲೆ ತಂದ. ‘ಬಾಲ್’ ಬೇಡ ಅಂದಮೇಲೆ ನಮ್ಮ ಬಂದೂಕಿನ ಮೂಲ ದೊರೆ ಗಾಜಿನ ಚೆಂಡನ್ನು ಕಣ್ಣೆತ್ತಿಯೂ ನೋಡದ ಪಾರಿವಾಳದ ಸರದಾರನೇ ಸರಿ! ಸಂಜೆ ಚಹಾದಂಗಡಿಯಲ್ಲಿ ಅವನಿಗೊಂದು ಬೆಳ್ಳಿ ಕಪ್ ಕೊಟ್ಟೆ. ಮರುದಿನ ಬಸ್ಸು ಹುನಗುಂದ ಮುಟ್ಟುವಷ್ಟರಲ್ಲಿ ಕಪ್ ಮೂರಾಗಿದ್ದವು.

ಬಾದಾಮಿಯ ಮದುವೆ ಊಟದಲ್ಲಿ ಲಂಡನ್ನಿನ ಫೈನಲ್ಲನ್ನೇ ಆಡಿ ತೋರಿಸಿದೆ. ‘ಪುಲ್!’ ಎಂದು ಕೂಗಿ ತೋಳು ಬೀಸಿದ ರಭಸಕ್ಕೆ ಬಡಿಸುವವರ ಸೌಟಿನ ಎಣಗಾಯಿ ಹಾರಿ, ಬೀಗರ ಬಿಳಿ ಪಟಗಾದ ಮೇಲೆ ಕೂತಿತು. ಟ್ರ್ಯಾಪಿನಿಂದ ಬಿಲ್ಲೆ ಹಾರುವುದೂ ಹೀಗೇ ಎಂದು ವಿವರಿಸಿದೆ. ಯಾರೂ ನಗಲಿಲ್ಲ.

ಬಾಗಲಕೋಟೆಯಲ್ಲಿ ಮೈಕ್ ಸಿಕ್ಕಿತು. ಮೈಕ್ ಸಿಕ್ಕವನ ಪಾಡು ನಿಮಗೆ ಗೊತ್ತೇ ಇದೆ. “ಹಲಗಲಿ ಬೇಡರ ಕೈಯಾಗಿದ್ದದ್ದೂ ಇದ ಬಂದೂಕೇನ್ರಿ?” ಎಂದು ಹಿಂದಿನಿಂದ ಯಾರೋ ಕೇಳಿದರು. 1857ರಲ್ಲಿ ಆಯುಧ ಒಪ್ಪಿಸಿರೆಂದ ಇಂಗ್ಲಿಷರಿಗೆ ತಿರುಗಿಬಿದ್ದ ಊರದು. ಚಪ್ಪಾಳೆ ಕೈಗೆಟಕುವಷ್ಟು ಹತ್ತಿರವಿತ್ತು. “ಹೌದು!” ಎಂದುಬಿಟ್ಟೆ. ಶಾಲೂ ಬಿತ್ತು.

ಜಮಾ ಮಾಡುವ ದಿನ ಅದೇ ಶಾಲು ಹೊದ್ದು ಕಾಕಾನ ಹಿಂದೆ ಠಾಣೆಗೆ ಹೋದೆ. ತಮ್ಮ ಬಂದೂಕು ತಂದಿದ್ದ ನಿವೃತ್ತ ಸೈನಿಕರೊಬ್ಬರು ನಮ್ಮದರ ಮುದ್ರೆ ಓದಿದರು. “ನಳಿಗಿ ಬಾಯಿ ಸಣ್ಣದೈತಿ, ಒಂಟಿ ಗುಂಡು ಹಾರಿಸಬ್ಯಾಡ್ರಿ, ಚರೆ ತೋಟಾ ಅಷ್ಟ ಹಾಕ್ರಿ ಅಂತ ಇದರರ್ಥ. ಈ ಮುದ್ರಿ ಸುರು ಆಗಿದ್ದ 1875ಕ್ಕ.”

ಅಂದರೆ ಹುಟ್ಟುವುದಕ್ಕೆ ಕಮ್ಮಿಯೆಂದರೂ ಹದಿನೆಂಟು ವರ್ಷ ಮೊದಲೇ ಅದನ್ನು ಹಲಗಲಿಯ ಕಾಳಗಕ್ಕೆ ಕಳಿಸಿದ್ದೆ! ಶಾಲನ್ನು ಮೆಲ್ಲಗೆ ಮಡಚಿ ಕಂಕುಳಿಗೆ ಸೇರಿಸಿ, ಕಾಕಾನತ್ತ ನೋಡಿದೆ.

“ಜೋಳದ ಹೊಲದಾಗ ಹಕ್ಕಿ ಕಾಯಾಕ ನಿಮ್ಮಜ್ಜ ತಂದಿದ್ದಪಾ. ಒಂದೂ ಬೀಳಲಿಲ್ಲ. ಕಡೀಕ ಡಬ್ಬಿ ಬಡದು ಓಡಿಸಿದ್ವಿ.”

“ಮೊದಲ ಯಾಕ ಹೇಳಲಿಲ್ಲ ಕಾಕಾ?”

“ನೀ ಬಾಯಿ ಮುಚ್ಚಿದ್ರ ತಾನ!”